ತಿಸಾ ನದಿ ಗಡಿಯಾದಾಗ

ಬಸವನಗುಡಿಯ ನಮ್ಮ ಮನೆಯಲ್ಲಿ, ಅಜ್ಜಿಯ ಟ್ರಂಕಿನೊಳಗೆ, ‘ರಾಯದುರ್ಗ ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಎಂದು ಬರೆದಿರುವ ಹಳೆಯ ಜಮೀನು ಪತ್ರವೊಂದಿದೆ. 1953ರಲ್ಲಿ ಆ ತಾಲ್ಲೂಕು ಆಂಧ್ರಕ್ಕೆ ಸೇರಿತು, ಬಳ್ಳಾರಿ ಮೈಸೂರಿಗೆ ಬಂತು. ಆ ಮಾಸಿದ ಅಕ್ಷರಗಳನ್ನು ನೋಡಿದಾಗಲೆಲ್ಲ ನನಗೆ ಈಚೆಗೆ ಓದುತ್ತಿರುವ ಮಾರಮರೊಶ್ ನೆನಪಾಗುತ್ತದೆ.

ಮಾರಮರೊಶ್ ಎಂಬುದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದೊಳಗಿನ ಹಂಗೇರಿಯ ಈಶಾನ್ಯ ಅಂಚಿನಲ್ಲಿ, ಕಾರ್ಪಾಥಿಯನ್ ಬೆಟ್ಟಗಳ ನಡುವೆ ಇದ್ದ ಒಂದು ‘ವಾರ್ಮೆದ್ಯೆ’, ಎಂದರೆ ಜಿಲ್ಲೆಯಂತಹ ಆಡಳಿತ ಘಟಕ. ಆದರೆ ಅದನ್ನು ಬರಿಯ ಕಂದಾಯ ವಿಭಾಗವೆಂದು ತಿಳಿಯುವುದು ತಪ್ಪು. ಹಂಗೇರಿಯ ಇಂತಹ ಘಟಕಗಳಲ್ಲಿ ಅರಸನು ನೇಮಿಸಿದ ಮುಖ್ಯಸ್ಥನಿದ್ದರೂ, ಸ್ಥಳೀಯ ಕುಲೀನರು ಶತಮಾನಗಳ ಕಾಲ ತಮ್ಮದೇ ಸಭೆ ಸೇರಿ ಅಧಿಕಾರಿಗಳನ್ನು ಆರಿಸಿಕೊಳ್ಳುತ್ತಿದ್ದರು. ನಮ್ಮ ಕಲೆಕ್ಟರರ ಕಚೇರಿಗಳ ಚರಿತ್ರೆಯನ್ನು ಬಲ್ಲವರಿಗೆ ಈ ಸ್ವಾಯತ್ತತೆ ನಿಜಕ್ಕೂ ಅಚ್ಚರಿಯೆನಿಸುತ್ತದೆ.

ಅಲ್ಲಿನ ಸಂಪತ್ತು ಉಪ್ಪು. ಗಣಿಗಳಲ್ಲಿ ಕಡಿದ ಕಲ್ಲುಪ್ಪು ತಿಸಾ ನದಿಯ ಮೇಲೆ ತೆಪ್ಪಗಳಲ್ಲಿ ಬಯಲುನಾಡಿಗೆ ಸಾಗುತ್ತಿತ್ತು. ರುಥೇನಿಯನ್ನರು (ಉಕ್ರೇನಿಯನ್ನರಿಗೆ ಹತ್ತಿರದ ಸ್ಲಾವ್ ಜನ), ರೊಮೇನಿಯನ್ನರು, ಹಂಗೇರಿಯನ್ನರು, ಜರ್ಮನ್ನರು, ಯಹೂದಿಗಳು ಅಲ್ಲಿ ಒಟ್ಟಿಗೆ ಬಾಳುತ್ತಿದ್ದರು.

ಮೊದಲ ಮಹಾಯುದ್ಧದ ನಂತರ, ಹಂಗೇರಿಯ ಹೊಸ ಗಡಿಗಳನ್ನು ಗೊತ್ತುಮಾಡಿದ, 1920ರ ಜೂನ್ 4ರಂದು ಸಹಿಯಾದ ಟ್ರಿಯಾನಾನ್ ಒಪ್ಪಂದದ ಹೊತ್ತಿಗೆ, ಈ ನೆಲ ಎರಡಾಗಿತ್ತು: ಆಡಳಿತ ಕೇಂದ್ರವಾದ ಸಿಗೆತ್ ಪಟ್ಟಣ ರೊಮೇನಿಯಾಕ್ಕೆ ಹೋಯಿತು, ನದಿಯಾಚೆ ಅದಕ್ಕೆ ಎದುರಾಗಿಯೇ ಇದ್ದ ಸ್ಲಾತಿನಾ ಉಪ್ಪಿನ ಗಣಿ ಚೆಕೊಸ್ಲೊವಾಕಿಯಾದ ಪಾಲಾಯಿತು. ಕೂಗಿದರೆ ಕೇಳಿಸುವಷ್ಟು ಹತ್ತಿರದ ನೆಂಟರ ಮನೆಯೂ ಪರದೇಶವಾದದ್ದನ್ನು ನೆನೆದರೆ ಸಂಕಟವಾಗುತ್ತದೆ. ಆಚೆ ದಡ ಈಗ ಉಕ್ರೇನಿನಲ್ಲಿದೆ. ಎರಡು ಊರುಗಳ ನಡುವೆ ಮರದ ಸೇತುವೆಯೊಂದಿದ್ದು, ದಾಟುವವರು ಪಾಸ್‌ಪೋರ್ಟ್ ತೋರಿಸಬೇಕು.