‘ಕೋಲ್ಡ್ ವಾರ್’ ಸಿನಿಮಾದ ಮಧ್ಯದ ವರ್ಷಗಳು ಎಲ್ಲಿ?

‘ಕೋಲ್ಡ್ ವಾರ್’ ನೋಡಿ ಅಂತ ನಾನು ಯಾರಿಗೇ ಹೇಳಿದರೂ, ನೋಡಿ ಮುಗಿಸಿದ ಮೇಲೆ ಅವರು ಕೇಳುವುದು ಒಂದೇ. ಅಷ್ಟು ಪ್ರೀತಿಸುವವರು ಯಾಕೆ ಮತ್ತೆ ಮತ್ತೆ ದೂರ ಆಗುತ್ತಾರೆ? ಮಧ್ಯದ ವರ್ಷಗಳನ್ನು ಯಾಕೆ ತೋರಿಸಲೇ ಇಲ್ಲ? ಪ್ರೀತಿ ಮನಸ್ಸಿಗೆ ತಟ್ಟಲಿಲ್ಲ, ಇದಕ್ಕೆ ಯಾಕೆ ಇಷ್ಟು ಪ್ರಶಸ್ತಿ ಅನ್ನುವವರೂ ಇದ್ದಾರೆ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಇದು 2018ರ ಸಿನಿಮಾ. ಪೋಲೆಂಡ್, ಫ್ರಾನ್ಸ್, ಬ್ರಿಟನ್ ಸೇರಿ ಮಾಡಿದ್ದು. ನಿರ್ದೇಶಕ ಪಾವೆಲ್ ಪಾವ್ಲಿಕೋವ್ಸ್ಕಿ. ಕಪ್ಪು ಬಿಳುಪು, ಒಂದೂವರೆ ಗಂಟೆಯೂ ಇಲ್ಲ. ಕಥೆ ಮಾತ್ರ 1949ರಿಂದ 1964ರವರೆಗೆ ಓಡುತ್ತದೆ. ವಿಕ್ಟರ್ ಸಂಗೀತಗಾರ. ಯುದ್ಧ ಮುಗಿದ ಮೇಲೆ ಹಳ್ಳಿ ಹಳ್ಳಿ ಸುತ್ತಿ ಜನಪದ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು, ಸರ್ಕಾರದ ಹಾಡು-ಕುಣಿತದ ತಂಡಕ್ಕೆ ಹುಡುಗ ಹುಡುಗಿಯರನ್ನು ಆರಿಸುತ್ತಾನೆ. ಆ ಆಯ್ಕೆಗೆ ಬರುವವಳು ಜೂಲಾ. ಇಬ್ಬರಿಗೂ ಪ್ರೀತಿ ಹುಟ್ಟುತ್ತದೆ.

ಸ್ವಲ್ಪ ದಿನಕ್ಕೆ ಮೇಲಿನವರು ಬಂದು, ಬರೀ ಹಳ್ಳಿ ಹಾಡು ಸಾಲದು, ಸ್ಟಾಲಿನ್ ಬಗ್ಗೆಯೂ ಹಾಡಿ ಅನ್ನುತ್ತಾರೆ. ವಿಕ್ಟರ್‌ಗೆ ಉಸಿರು ಕಟ್ಟುತ್ತದೆ. 1952ರಲ್ಲಿ ಬರ್ಲಿನ್‌ನಲ್ಲಿ ಗಡಿ ದಾಟಿ ಪಶ್ಚಿಮದ ಕಡೆಗೆ ಹೋಗುವ ಮುಂಚೆ ಜೂಲಾಗಾಗಿ ಕಾಯುತ್ತಾನೆ, ಅವಳು ಬರುವುದಿಲ್ಲ. ಭಯ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಕಡೆಗೆ ಹೋದರೆ ಅವನ ಪಕ್ಕದಲ್ಲಿ ತಾನು ಏನೂ ಅಲ್ಲ ಅನ್ನುವ ಅಳುಕು ಅವಳದ್ದು. ಮುಂದೆ ಅವಳು ವಿಕ್ಟರ್ ಇರುವ ಪ್ಯಾರಿಸ್‌ಗೆ ಬಂದಾಗ ಅದೇ ಅಳುಕು ಸಿಟ್ಟಾಗಿ ಹೊರಗೆ ಬರುತ್ತದೆ. ಅಂದ್ರೆ ಇವರನ್ನು ಬೇರೆ ಮಾಡಿದ್ದು ಗಡಿ ಒಂದೇ ಅಲ್ಲ.

ಇನ್ನು ಆ ಕಾಣದ ವರ್ಷಗಳು. ಪರದೆ ಕಪ್ಪಾಗುತ್ತದೆ, ಹೊಸ ಊರು, ಹೊಸ ಇಸವಿ. ನಡುವೆ ಏನಾಯಿತು ಅನ್ನುವುದನ್ನು ಒಂದು ಹಾಡು ಹೇಳುತ್ತದೆ. ಮೊದಲು ಅದನ್ನು ಹಳ್ಳಿಯ ಪುಟ್ಟ ಹುಡುಗಿ ವಾದ್ಯವಿಲ್ಲದೆ ಹಾಡುತ್ತಾಳೆ. ಆಮೇಲೆ ವೇದಿಕೆ ಮೇಲೆ, ಬಣ್ಣದ ಉಡುಪಿನ ಮೇಳ ಅದನ್ನೇ ದೊಡ್ಡದಾಗಿ ಹಾಡುತ್ತದೆ. ಪ್ಯಾರಿಸ್‌ನ ಕ್ಲಬ್‌ನಲ್ಲಿ ಜೂಲಾ ಅದನ್ನು ಜಾಜ್ ಧಾಟಿಯಲ್ಲಿ, ಮನಸ್ಸು ಬಿಚ್ಚಿ ಹಾಡಿದಾಗ ಅದು ಅವಳ ಸ್ವಂತ ಹಾಡು. ಕೊನೆಗೆ ವಿಕ್ಟರ್ ಅದಕ್ಕೆ ತನ್ನ ಹಳೆಯ ಗೆಳತಿಯಿಂದ ಫ್ರೆಂಚ್ ಸಾಹಿತ್ಯ ಬರೆಸಿ ರೆಕಾರ್ಡ್ ತರುತ್ತಾನೆ. ಜೂಲಾ ಆ ರೆಕಾರ್ಡನ್ನೇ ಕಾರಂಜಿಗೆ ಎಸೆಯುತ್ತಾಳೆ. ಈ ನಾಲ್ಕು ಹಾಡುಗಾರಿಕೆಯನ್ನು ಒಂದಾದ ಮೇಲೊಂದು ಕೇಳಿಸಿಕೊಂಡರೆ ಸಂಸಾರ ಎಲ್ಲಿ ಕೆಟ್ಟಿತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಹಾಡಿನಲ್ಲಿ ಪ್ರೀತಿ ಬೆಳೆಯುವುದನ್ನು ನಾವು ಕನ್ನಡದ ಸಿನಿಮಾಗಳಲ್ಲಿ ಎಷ್ಟು ನೋಡಿಲ್ಲ, ಅಲ್ವಾ? ಇಲ್ಲಿ ಪ್ರೀತಿ ಸವೆಯುವುದೂ ಹಾಡಿನಲ್ಲೇ.

ಆ ವರ್ಷಗಳನ್ನು ತೋರಿಸದೆ ಇರುವುದಕ್ಕೆ ಇನ್ನೊಂದು ಕಾರಣ ನನಗೆ ಬಹಳ ಮುಖ್ಯ. ಈ ಸಿನಿಮಾವನ್ನು ನಿರ್ದೇಶಕರು ತಮ್ಮ ಅಪ್ಪ ಅಮ್ಮನಿಗೆ ಅರ್ಪಿಸಿದ್ದಾರೆ, ಪಾತ್ರಗಳ ಹೆಸರುಗಳೂ ಅವರವೇ. ಅವರೂ ಜಗಳವಾಡಿ, ಬಿಟ್ಟು, ಮತ್ತೆ ಸೇರಿ, ದೇಶ ಬದಲಿಸಿ ಬಾಳಿದವರು. ಅಪ್ಪ ಅಮ್ಮನ ಪ್ರೀತಿ ಮಕ್ಕಳಿಗೆ ಎಲ್ಲಿ ಪೂರ್ತಿ ಗೊತ್ತಿರುತ್ತದೆ? ಒಂದು ಫೋಟೋ, ಒಂದು ಜಗಳ, ಯಾರೋ ಹೇಳಿದ ಒಂದು ಸಂಗತಿ, ಅಷ್ಟೇ. ಸಿನಿಮಾ ಹಾಗೇ ಇದೆ. ಉಳಿದ ವರ್ಷಗಳನ್ನು ತುಂಬಿಸಿದ್ದರೆ ಅದು ಸುಳ್ಳಾಗುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಪ್ರಶಸ್ತಿಗಳ ವಿಷಯಕ್ಕೆ ಬಂದರೆ, ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ, ಆ ವರ್ಷದ ಯುರೋಪಿಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚಿತ್ರ, ಜೂಲಾ ಪಾತ್ರದ ಯೊಆನ್ನಾ ಕೂಲಿಗ್‌ಗೆ ಅತ್ಯುತ್ತಮ ನಟಿ. ಆಸ್ಕರ್‌ಗೆ ಮೂರು ನಾಮನಿರ್ದೇಶನ ಸಿಕ್ಕವು, ಮೂರೂ ಪ್ರಶಸ್ತಿ ‘ರೋಮಾ’ ಸಿನಿಮಾದ ಪಾಲಾದವು. ಕೂಲಿಗ್ ಹೆಸರು ಆಸ್ಕರ್ ಪಟ್ಟಿಯಲ್ಲೇ ಇರಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು.

ಟೀಕೆಗಳಲ್ಲಿ ಒಂದನ್ನು ನಾನು ಒಪ್ಪುತ್ತೇನೆ. ಕೊನೆಯ ಹೊತ್ತಿಗೆ ಜೂಲಾ, ತಂಡದ ಅಧಿಕಾರಿ ಕಾಚ್ಮಾರೆಕ್ ಜೊತೆ ಸಂಸಾರ ಮಾಡಿಕೊಂಡಿರುತ್ತಾಳೆ, ಮಗುವೂ ಇದೆ. ಅಷ್ಟು ದೊಡ್ಡ ಸಂಗತಿಗೆ ಸಿನಿಮಾ ಕೊಡುವುದು ಸ್ವಲ್ಪವೇ ಹೊತ್ತು. ಅಲ್ಲಿ ಮಾತ್ರ ತುಂಬಿಸಿಕೊಳ್ಳಲು ಆ ಹಾಡು ಇಲ್ಲ. ಆ ಮಗುವಿನ ಗತಿ ಏನು ಅಂತ ನೀವು ಕೇಳಿದರೆ, ಸಿನಿಮಾದ ಪರವಾಗಿ ಕೊಡಲು ನನ್ನ ಹತ್ತಿರ ಉತ್ತರ ಇಲ್ಲ.