ಉಣುಗಿನ ಖಾತೆ

ಸೋಮಿ ನಮ್ಮ ಮನೆಗೆ ಬಂದ ದಿನ ಅವಳ ಮೈಯಿಂದ ತೆಗೆದ ಉಣುಗುಗಳು 87. ಅಡಿಕೆ ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವಳಿಗೆ ಎಣಿಸದೆ ಇರಲು ಬರುವುದಿಲ್ಲ. ಹಳೆಯ ಉಪ್ಪಿನಕಾಯಿ ಬಾಟಲಿಗೆ ಸೋಪಿನ ನೀರು ತುಂಬಿ ಒಂದೊಂದನ್ನೇ ಅದರೊಳಗೆ ಹಾಕುತ್ತಾ, ಹತ್ತಾದಾಗಲೆಲ್ಲ ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಾ ಹೋದೆ. ಎಂಟು ಗೀಟು, ಮೇಲೆ ಏಳು. ಅಷ್ಟರಲ್ಲಿ ಕತ್ತಲಾಯಿತು, ನಾಯಿಗೂ ಸಾಕಾಗಿತ್ತು.

ಮಾರ್ಚ್ ತಿಂಗಳ ಮೊದಲ ಸೋಮವಾರ ಬಂದವಳು, ಆದ್ದರಿಂದ ಸೋಮಿ. ಶಿವಮೊಗ್ಗದಲ್ಲಿ ಬೀದಿನಾಯಿಗಳಿಗೆ ಅನ್ನ ಹಾಕುವ ಪರಿಚಯದವರೊಬ್ಬರು ಸಾಗರದವರೆಗೆ ಕಾರಿನಲ್ಲಿ ಕರೆತಂದು ಬಿಟ್ಟರು. ವಯಸ್ಸು ಒಂದೂವರೆ ವರ್ಷ ಇರಬಹುದು. ಬೆಲ್ಲದ ಬಣ್ಣ, ಮುಂಗಾಲುಗಳ ತುದಿ ಬಿಳಿ. ಸಂತಾನಹರಣ ಚಿಕಿತ್ಸೆ ಆಗಿದೆ ಎಂಬುದಕ್ಕೆ ಕಿವಿಯ ತುದಿಯಲ್ಲಿ ಚೂರು ಕತ್ತರಿಸಿದ ಗುರುತು. ಆ ಗುರುತನ್ನು ನೋಡಲೆಂದು ಕಿವಿಯನ್ನು ಮಗುಚಿದಾಗಲೇ ಒಳಗಿನ ಸಂಸಾರ ಕಣ್ಣಿಗೆ ಬಿದ್ದದ್ದು.

ಕಿವಿಯ ಮಡಿಕೆಯಲ್ಲಿ ಬೂದು ಬಣ್ಣದ ಹರಳು ಬೀಜಗಳನ್ನು ಒತ್ತಾಗಿ ಜೋಡಿಸಿಟ್ಟಂತಿತ್ತು. ಹರಳು ಗಿಡದ ಶಾಸ್ತ್ರೀಯ ಹೆಸರು ರಿಸಿನಸ್. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಉಣುಗು ಎಂದೇ ಅರ್ಥವಂತೆ. ಹೆಸರಿಟ್ಟವನೂ ಯಾವುದೋ ನಾಯಿಯ ಕಿವಿ ಮಗುಚಿ ನೋಡಿದವನೇ ಇರಬೇಕು. ರಕ್ತ ಕುಡಿದು ಉಬ್ಬಿದ ಈ ದೊಡ್ಡವೆಲ್ಲ ಹೆಣ್ಣು. ಒಂದನ್ನು ಎತ್ತಿದರೆ ಅದರ ಅಡಿಯಲ್ಲಿ ಎಳ್ಳಿನಷ್ಟು ದೊಡ್ಡದಾದ, ಚಪ್ಪಟೆಯಾದ, ಕಂದು ಬಣ್ಣದ ಇನ್ನೊಂದು ಅಡಗಿ ಕೂತಿರುತ್ತದೆ, ಅದು ಗಂಡು. ಬಯಲುಸೀಮೆಯಿಂದ ಬಂದ ನನ್ನ ಅತ್ತಿಗೆ ಇದನ್ನು ಉಣ್ಣೆ ಎನ್ನುತ್ತಾಳೆ. ಫೋನಿನಲ್ಲಿ ಅವಳು "ಉಣ್ಣೆ ತುಂಬಾ ಇದೆಯಾ?" ಎಂದು ಕೇಳಿದಾಗ, ಹಿಂದೆ ಕೂತಿದ್ದ ಅಣ್ಣ ಅದು ಕುರಿಯೋ ನಾಯಿಯೋ ಎಂದು ವಿಚಾರಿಸಿದ.

ಅಮ್ಮ ಜಗುಲಿಯ ಮೆಟ್ಟಿಲು ಇಳಿಯಲೇ ಇಲ್ಲ. ಅವಳ ತವರು ಸೊರಬ ತಾಲ್ಲೂಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನರಿಗೆ ಜ್ವರ ಹತ್ತಿದಾಗ ಅವಳಿಗೆ ಆರು ವರ್ಷ. ಕಾಡಿಗೆ ದರಕು ಗುಡಿಸಲು ಹೋಗುವುದನ್ನು ದೊಡ್ಡವರು ನಿಲ್ಲಿಸಿದ್ದು, ಕೊಟ್ಟಿಗೆಗೆ ಸೊಪ್ಪಿಲ್ಲದೆ ದನಗಳು ಸಗಣಿಯಲ್ಲೇ ಮಲಗಿದ್ದು, ಮುಸಿಯವೊಂದು ಬಾವಿಕಟ್ಟೆಯ ಪಕ್ಕ ಸತ್ತು ಬಿದ್ದಿದ್ದು ಎಲ್ಲ ಅವಳಿಗೆ ನಿನ್ನೆ ನಡೆದ ಹಾಗೆ ನೆನಪಿದೆ. ಉಣುಗಿನಿಂದ ಹರಡುವ ಆ ಕಾಯಿಲೆ ಅಲ್ಲಿಗೇ ಮುಗಿಯಲೂ ಇಲ್ಲ. 2019ರ ಬೇಸಿಗೆಯ ಹೊತ್ತಿಗೆ ನಮ್ಮದೇ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆಯಿಂದ ಜನ ಸತ್ತರು. ಹಾಗಾಗಿ "ಮನೆಗೆ ಉಣುಗು ತಂದೆಯಾ?" ಎಂದು ಅವಳು ಕೇಳಿದಾಗ ಅದನ್ನು ಮುದುಕಿಯ ಗೊಣಗಾಟ ಎಂದು ತಳ್ಳಿಹಾಕುವ ಧೈರ್ಯ ನನಗೆ ಬರಲಿಲ್ಲ. ನಾಯಿ ಹೆಬ್ಬಾಗಿಲಿನ ಒಳಗೆ ಕಾಲಿಡಬಾರದು ಎಂಬ ಕರಾರಿಗೆ ಒಪ್ಪಿಕೊಂಡೆ. ಅಂಗಳ ಮತ್ತು ಜಗುಲಿ ಸೋಮಿಯ ಪಾಲಿಗೆ ಬಂದವು.

ಪಕ್ಕದ ಮನೆಯ ಅಜ್ಜ ಅದೇ ಸಂಜೆ ಬೇಲಿಯಾಚೆಯಿಂದ ಮೂರು ಮದ್ದು ಹೇಳಿದರು. ಮೊದಲನೆಯದು ಸೀಮೆಎಣ್ಣೆ ಸವರುವುದು, ಎರಡನೆಯದು ಉರಿಯುವ ಊದುಬತ್ತಿಯನ್ನು ಉಣುಗಿನ ಬೆನ್ನಿಗೆ ತಾಗಿಸುವುದು, ಮೂರನೆಯದು ನಾಲ್ಕು ಕೋಳಿ ಸಾಕುವುದು. ಮೊದಲೆರಡನ್ನು ಮಾಡದೆ ಇದ್ದದ್ದು ನನ್ನ ಜಾಣತನವಲ್ಲ. ಊದುಬತ್ತಿ ಹಚ್ಚಿದ ಕೂಡಲೇ ಸೋಮಿ ಜಗುಲಿಯ ಮಂಚದ ಕೆಳಗೆ ನುಗ್ಗಿದಳು. ಕೋಳಿಯ ಮಾತು ಎತ್ತಿದರೆ ಅಮ್ಮ ನನ್ನನ್ನೂ ಅಂಗಳಕ್ಕೆ ಕಳುಹಿಸುತ್ತಿದ್ದಳು.

ಎರಡನೆಯ ದಿನ 41. ಅದರಲ್ಲಿ ಒಂದನ್ನು ಲೆಕ್ಕದಿಂದ ಕಳೆಯಬೇಕು. ಹೊಟ್ಟೆಯ ಕೆಳಗೆ, ರೋಮ ತೆಳುವಾದ ಜಾಗದಲ್ಲಿ, ಪುಟ್ಟದಾಗಿ ಗಟ್ಟಿಯಾಗಿ ಅಂಟಿಕೊಂಡಿದ್ದ ಒಂದನ್ನು ಚಿಮುಟದಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದೆ. ಸೋಮಿ ಕುಂಯ್ ಎಂದು ತಿರುಗಿ ನನ್ನ ಮಣಿಕಟ್ಟನ್ನು ಬಾಯಲ್ಲಿ ಹಿಡಿದುಕೊಂಡಳು. ಕಚ್ಚಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಕನ್ನಡಕ ಹಾಕಿಕೊಂಡು ನೋಡಿದರೆ ಅದು ಉಣುಗಲ್ಲ, ಮೊಲೆತೊಟ್ಟು. ಅದರ ಸಾಲಿನಲ್ಲಿ, ಅಷ್ಟಷ್ಟೇ ಅಂತರದಲ್ಲಿ, ಮಿಕ್ಕವೂ ಇದ್ದವು. ಆ ಹೊತ್ತಿಗೆ ನಾನು ಅವಳ ಕ್ಷಮೆ ಕೇಳಿದ್ದನ್ನು ಹಾಲಿನವನು ಗೇಟಿನ ಬಳಿ ನಿಂತು ಕೇಳಿಸಿಕೊಂಡಿದ್ದಾನೆ.

ಮೂರನೆಯ ದಿನ 52. ತೆಗೆದಷ್ಟೂ ಹೆಚ್ಚುತ್ತಿರುವುದನ್ನು ಕಂಡು ನನಗೆ ತಾಳ್ಮೆ ತಪ್ಪಿತು. ಅಂಗಡಿಯಿಂದ ಅಮಿಟ್ರಾಜ್ ಎಂಬ ಔಷಧದ ಸಣ್ಣ ಸೀಸೆ ತಂದೆ. ನೀರಿಗೆ ಇಷ್ಟು ಮಿಲಿ ಎಂದು ಅದರ ಮೇಲೆಯೇ ಬರೆದಿತ್ತು. ಸಂಘದಲ್ಲಿ ಐವತ್ತು ಪೈಸೆ ತಾಳೆಯಾಗದಿದ್ದರೆ ಮನೆಗೆ ಹೋಗದವಳು, ಇಲ್ಲಿ ಮಾತ್ರ "ಒಂದು ಮುಚ್ಚಳ ಹೆಚ್ಚಾದರೆ ಇನ್ನೂ ಒಳ್ಳೆಯದು" ಎಂದುಕೊಂಡು ಅಂದಾಜಿನಲ್ಲಿ ಸುರಿದೆ. ಮೈಗೆ ಹಾಕಿದ ಮೇಲೆ ಅವಳು ನೆಕ್ಕದಂತೆ ಕಾಯಬೇಕೆಂಬುದೂ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ಸೋಮಿ ಜೊಲ್ಲು ಸುರಿಸುತ್ತಾ, ಹಿಂಗಾಲು ತೊಡರಿಸಿಕೊಂಡು ನಡೆಯುತ್ತಾ, ಕರೆದರೂ ಕಣ್ಣು ಬಿಡದಂತಾದಳು.

ಪಶು ಆಸ್ಪತ್ರೆಯ ವೈದ್ಯರು ಸೀಸೆಯನ್ನು ಕೈಗೆ ತೆಗೆದುಕೊಂಡು ನೋಡಿದರು. "ಮೇಡಂ, ಇದನ್ನು ಎಷ್ಟು ಹಾಕಿದಿರಿ?"

"ಎರಡು ಮುಚ್ಚಳ ಸರ್. ಮೂರೂ ಇರಬಹುದು."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೈಯನ್ನು ಚೆನ್ನಾಗಿ ತೊಳೆಸಿ, ಚುಚ್ಚುಮದ್ದು ಕೊಟ್ಟು, ಕತ್ತಲಾಗುವವರೆಗೆ ಹೃದಯದ ಬಡಿತ ನೋಡುತ್ತಾ ಇರಿಸಿಕೊಂಡರು. ಮರುದಿನ ಅವಳು ಸರಿಹೋದಳು. ಶನಿವಾರ ಮತ್ತೆ ಬರಲು ಹೇಳಿ, ಅವತ್ತು ತೂಕ ನೋಡಿದರು: 14 ಕಿಲೋ. ಹಿಂದೆ ಫಿಟ್ಸ್ ಬಂದದ್ದುಂಟೇ ಎಂದು ಕೇಳಿ, ಇಲ್ಲವೆಂದ ಮೇಲೆ ಒಂದು ಮಾತ್ರೆ ಬರೆದರು. ಫ್ಲೂರಾಲಾನರ್ ಎಂದು ಅದರ ಹೆಸರು. ಒಮ್ಮೆ ನುಂಗಿಸಿದರೆ ಹನ್ನೆರಡು ವಾರ ಕೆಲಸ ಮಾಡುತ್ತದೆ. ಅದರ ಬೆಲೆಯನ್ನು ಅಮ್ಮನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

"ಆದರೆ ಉಣುಗು ಕಾಣುವುದು ನಿಲ್ಲುವುದಿಲ್ಲ," ಎಂದರು ವೈದ್ಯರು. ಮಾತ್ರೆಯ ಔಷಧ ನಾಯಿಯ ರಕ್ತದಲ್ಲಿರುತ್ತದೆ. ಉಣುಗು ಕಚ್ಚಿ ಕುಡಿದರೆ ಮಾತ್ರ ಸಾಯುತ್ತದೆ. ಹತ್ತುವುದನ್ನು ಅದು ತಡೆಯುವುದಿಲ್ಲ. "ನಾಯಿಯ ಮೈಮೇಲೆ ನೀವು ನೋಡುತ್ತಿರುವವು ಊಟಕ್ಕೆ ಬಂದವು ಮೇಡಂ. ಊಟ ಮುಗಿಸಿದವು ನಿಮ್ಮ ಗೋಡೆಯಲ್ಲಿವೆ."

ಅವರು ವಿವರಿಸಿದ್ದು ಹೀಗೆ. ನಾಯಿಗೆ ಹತ್ತುವ ಈ ಕಂದು ಉಣುಗು ಬದುಕಿನಲ್ಲಿ ಮೂರು ಸಲ ಊಟ ಮಾಡುತ್ತದೆ. ಮೊಟ್ಟೆಯಿಂದ ಆರು ಕಾಲಿನ ಮರಿಯಾಗಿ ಹೊರಬಂದಾಗ ಒಮ್ಮೆ, ಎಂಟು ಕಾಲು ಮೂಡಿದ ಮೇಲೆ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಮೊದಲೆರಡು ಊಟಗಳಾದ ಮೇಲೆ ಪ್ರತಿ ಸಲವೂ ನಾಯಿಯಿಂದ ಉದುರಿ, ಸಂದುಗೊಂದು ಹುಡುಕಿ, ಪೊರೆ ಕಳಚಿ, ಮತ್ತೆ ನಾಯಿಗಾಗಿ ಕಾಯುತ್ತದೆ. ಕಾಯುವುದೆಂದರೆ ತಿಂಗಳುಗಟ್ಟಲೆ. ಹೊಟ್ಟೆ ತುಂಬಿದ ಹೆಣ್ಣು ಒಂದೇ ಸಲಕ್ಕೆ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಕೆಳಕ್ಕೆ ಹೋಗುವುದಕ್ಕಿಂತ ಮೇಲಕ್ಕೆ ಏರುವುದೇ ಅದಕ್ಕೆ ಇಷ್ಟ. ನಾನು ಅಷ್ಟು ದಿನ ನೆಲವನ್ನು ಗುಡಿಸುತ್ತಾ ಇದ್ದೆ.

ಅಮ್ಮನ ಪ್ರಶ್ನೆಯನ್ನೂ ಕೇಳಿದೆ. ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಬೇರೆ ಜಾತಿಯ ಉಣುಗು, ನಾಯಿಯ ಮೈಯಲ್ಲಿರುವ ಇದಲ್ಲ ಎಂದರು. ಹಾಗೆಂದು ನಾಯಿಯನ್ನು ಕಾಡಿನಲ್ಲಿ ಅಲೆಯಲು ಬಿಟ್ಟರೆ ಅದು ಅಲ್ಲಿಯದನ್ನೂ ಹತ್ತಿಸಿಕೊಂಡು ಬರಬಹುದು. ಯಾವ ಉಣುಗನ್ನೂ ಬೆರಳಲ್ಲಿ ಹಿಸುಕಬೇಡಿ, ಚರ್ಮಕ್ಕೆ ತಾಗುವಷ್ಟು ಹತ್ತಿರ ಚಿಮುಟ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ ಎಂದರು. ಊದುಬತ್ತಿಯ ಮದ್ದನ್ನು ಕೇಳಿ ಮುಖ ಸಿಂಡರಿಸಿದರು: ಬಿಸಿ ತಾಗಿ ಕಂಗಾಲಾದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಾರಿಬಿಡಬಹುದು.

ನಾನು ಎಳೆಯುವಾಗ ಯಾವುದೋ ಉಣುಗು ಕಾರಿದ್ದೋ, ಅದಕ್ಕೂ ಮೊದಲೇ ಶಿವಮೊಗ್ಗದ ಬೀದಿಯಲ್ಲಿ ಸೇರಿಕೊಂಡದ್ದೋ, ಹನ್ನೆರಡನೆಯ ದಿನ ಸೋಮಿ ಅನ್ನ ಬಿಟ್ಟಳು. ನಮ್ಮ ಜಗುಲಿಯದು ಕೆಂಪು ಕಾವಿ ನೆಲ. ಅವಳಿಗೆ ಹಾಸಲು ಕೊಟ್ಟಿದ್ದ ಅಪ್ಪನ ಹಳೆಯ ಬಿಳಿ ಪಂಚೆ ಅಲ್ಲಿ ಇರದಿದ್ದರೆ ಮೂಗಿನಿಂದ ತೊಟ್ಟಿಕ್ಕಿದ ರಕ್ತ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡೇ ಹನಿ, ಕುಂಕುಮದ ಬೊಟ್ಟಿನಷ್ಟು. ವಸಡು ಬಿಳುಚಿಕೊಂಡಿತ್ತು. ವೈದ್ಯರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಎಂದರು. ರಕ್ತದಲ್ಲಿ ಕನಿಷ್ಠ ಎರಡು ಲಕ್ಷದಷ್ಟಾದರೂ ಇರಬೇಕಾದ ಪ್ಲೇಟ್‌ಲೆಟ್ ಸಂಖ್ಯೆ 62,000ಕ್ಕೆ ಇಳಿದಿತ್ತು. ಎರ್ಲಿಚಿಯಾ, ಉಣುಗಿನಿಂದಲೇ ಬರುವ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಒಂದು ದಿನವೂ ತಪ್ಪಬಾರದು. ಬರೀ ಹೊಟ್ಟೆಗೆ ಕೊಡಬಾರದು, ಹಾಲು ಮೊಸರಿನ ಜೊತೆಯೂ ಬೇಡ.

ಮೊಸರನ್ನದಲ್ಲಿ ಏನನ್ನಾದರೂ ನುಂಗುವ ನಾಯಿಗೆ ಮೊಸರಿಲ್ಲದೆ ಮಾತ್ರೆ ತಿನ್ನಿಸುವುದು ಒಂದು ವಿದ್ಯೆ. ದೋಸೆಯ ಚೂರಿನಲ್ಲಿ ಸುತ್ತಿದೆ. ದೋಸೆ ತಿಂದು ಮಾತ್ರೆಯನ್ನು ಸ್ವಚ್ಛವಾಗಿ ನೆಕ್ಕಿ ಹೊರಗಿಟ್ಟಳು. ಇಡ್ಲಿಗೂ ಅದೇ ಗತಿ. ಐದನೆಯ ದಿನ ಅಮ್ಮ ಒಳಗಿಂದ ಒಂದು ಪುಟ್ಟಬಾಳೆ ಹಣ್ಣು ತಂದು ಹೊಸ್ತಿಲಿನ ಈಚೆ ನಿಂತು ನನ್ನ ಕೈಗೆ ಕೊಟ್ಟಳು. "ಮೊದಲ ತುಂಡು ಬರಿದೇ ಕೊಡು, ಎರಡನೆಯದರಲ್ಲಿ ಮಾತ್ರೆ ಇಡು, ಮೂರನೆಯದನ್ನು ಕೈಯಲ್ಲಿ ಹಿಡಿದು ತೋರಿಸು. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ನಿನಗೆ ಹಾಗೇ ತಾನೇ ಕೊಡುತ್ತಿದ್ದದ್ದು?" ಮಿಕ್ಕ ದಿನಗಳಿಗೆಲ್ಲ ಆ ಉಪಾಯ ಸಾಕಾಯಿತು.

ನಡುವೆ ಯುಗಾದಿ ಬಂತು. ಅಮ್ಮ ಹೊಸ ಪಂಚಾಂಗವನ್ನು ದೇವರ ಮುಂದಿಟ್ಟು, ಜಗುಲಿಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹಳೆಯದನ್ನು ತೆಗೆದಳು. ತೆಗೆದವಳು ಹಾಗೆಯೇ ನಿಂತುಬಿಟ್ಟಳು. ಮೊಳೆಯ ಸುತ್ತ ಗಾರೆ ಉದುರಿ ಒಂದು ಗುಳಿಯಾಗಿದೆ. ಅದರೊಳಗೆ ಕಂದು ಬಣ್ಣದ ಗಸಗಸೆಯನ್ನು ಚಮಚದಲ್ಲಿ ಸುರಿದಂತೆ ಮಿರಿಮಿರಿ ಮಿಂಚುವ ಒಂದು ಗುಪ್ಪೆ, ಅದರ ಪಕ್ಕದಲ್ಲಿ ಸುಕ್ಕುಗಟ್ಟಿದ ಹಡೆದ ತಾಯಿ. ಸ್ವಲ್ಪ ಮೇಲೆ, ತೊಲೆ ಗೋಡೆಗೆ ಸೇರುವ ಸಂದಿನಲ್ಲಿ ಇನ್ನೆರಡು ಗುಪ್ಪೆ. ಬೆಲ್ಲ ಬಾಯಿಗೆ ಬೀಳುವ ಮೊದಲೇ ಬೇವು ಸಿಕ್ಕಿತು. ನಾನು ಎಣಿಸಲು ಹೋಗದೆ ಬಿಟ್ಟ ಏಕೈಕ ಬಾಬತ್ತು ಇದು.

ಆ ಹಬ್ಬದ ದಿನ ನಾವು ಹೋಳಿಗೆ ಮಾಡಲಿಲ್ಲ. ಗುಪ್ಪೆಗಳನ್ನು ಅಗಲದ ಟೇಪಿಗೆ ಅಂಟಿಸಿ ತೆಗೆದು ಒಲೆಗೆ ಹಾಕಿದೆ. ಹಾಸಿದ ಬಟ್ಟೆಗಳೆಲ್ಲ ಹಂಡೆಯ ಕುದಿನೀರಿಗೆ ಬಿದ್ದವು. ಮರುದಿನದಿಂದ ಸಂದುಗಳಿಗೆ ಸಿಮೆಂಟು ಮೆತ್ತುವ ಕೆಲಸ. ವೈದ್ಯರು ಹೇಳಿದ ಅಳತೆಯಲ್ಲಿ, ಈ ಸಲ ಸಿರಿಂಜಿನಲ್ಲಿ ಅಳೆದು, ಜಗುಲಿಯ ಗೋಡೆ ತೊಲೆಗಳಿಗೆ ಔಷಧ ಸಿಂಪಡಿಸಿ, ಒಣಗುವವರೆಗೆ ಸೋಮಿಯನ್ನು ಹಿತ್ತಲಿನ ಹಲಸಿನ ಮರಕ್ಕೆ ಕಟ್ಟಿದೆ. ಎರಡು ವಾರ ಬಿಟ್ಟು ಇನ್ನೊಮ್ಮೆ. ಒಳಮನೆಗೆ ಸಿಂಪಡಿಸಲು ಅಮ್ಮ ಬಿಡಲಿಲ್ಲ. ಟಾರ್ಚು ಹಿಡಿದು ತಾನೇ ನಾಗಂದಿಗೆಯಿಂದ ನಾಗಂದಿಗೆಗೆ ಹುಡುಕಿದಳು.

ಖಾತೆಯ ಪುಸ್ತಕ ನನ್ನ ಮುಂದಿದೆ. ಮಾರ್ಚ್ ಕೊನೆಯ ವಾರ 31, ಎಲ್ಲವೂ ಸತ್ತವು ಇಲ್ಲವೇ ಸಾಯುತ್ತಿದ್ದವು. ಏಪ್ರಿಲ್ ಎರಡನೆಯ ವಾರ 9. ಏಪ್ರಿಲ್ ಕೊನೆಗೆ ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತು. ಆ ಅಂಕಿಯನ್ನು ಜಮೆಯ ಕಡೆ ಬರೆದಿದ್ದೇನೆ. ಮೇ ತಿಂಗಳ ಮೂರು ವಾರ ಸೊನ್ನೆ, ಸೊನ್ನೆ, ಸೊನ್ನೆ. ತಿಂಗಳ ಕೊನೆಗೆ ಎರಡನೆಯ ಮಾತ್ರೆ ನುಂಗಿಸಿದೆ, ಬಾಳೆಹಣ್ಣಿನಲ್ಲೇ.

ಮಳೆ ಹಿಡಿದ ಮೇಲೆ ಜಗುಲಿಯಲ್ಲಿ ಎರಚಲು ಹೊಡೆಯುತ್ತದೆ ಎಂಬ ನೆಪದಲ್ಲಿ ಸೋಮಿಯ ಪಂಚೆ ಹೆಬ್ಬಾಗಿಲಿನ ಒಳಗೆ ಬಂದಿದೆ. ತಂದದ್ದು ನಾನಲ್ಲ. ಅವಳ ಕಿವಿ ಮಗುಚಿ ನೋಡುವುದು ಈಗ ಸಂಜೆ ದೀಪ ಹಚ್ಚಿದ ಮೇಲಿನ ಕೆಲಸ. ಚಿಮುಟ ಕಂಡ ಕೂಡಲೇ ಬಂದು ಮಗ್ಗುಲಾಗಿ ಮಲಗಿ ಕಾಲೆತ್ತುತ್ತಾಳೆ. ಮೊನ್ನೆ ನಾನು ಸಂಘದಿಂದ ಬರುವಾಗ ಅಮ್ಮ ಹೊಸ ಪಂಚಾಂಗದ ಕೆಳಗೆ ಸ್ಟೂಲು ಹಾಕಿಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಚಿಮುಟ, ಇನ್ನೊಂದರಲ್ಲಿ ಉಪ್ಪಿನಕಾಯಿ ಬಾಟಲಿ. ಕೆಳಗೆ ಸೋಮಿ ಕತ್ತೆತ್ತಿ ನೋಡುತ್ತಿದ್ದಳು.

"ಚಪ್ಪಲಿ ಆಮೇಲೆ ಬಿಡು," ಎಂದಳು ಅಮ್ಮ. "ಮೊದಲು ಪುಸ್ತಕ ತೆಗೆದು ಬರೆದುಕೋ. ಒಂದು. ಗಂಡು."