ರಾಗಿ ಮೊಳಕೆಗೆ ಬಾಹ್ಯಾಕಾಶದ ಕೊಳವೆ

ನ್ಯೂಜೆರ್ಸಿಯಲ್ಲಿ ನನ್ನ ಮಗಳು ಓದುವ ಶಾಲೆಯ ಮಕ್ಕಳು ಈ ಸಲ ಒಂದು ಸಿಲಿಕೋನ್ ಕೊಳವೆಯ ಹಿಂದೆ ಬಿದ್ದಿದ್ದರು. ಗೇಣುದ್ದವೂ ಇಲ್ಲದ, ಹೆಬ್ಬೆರಳಿನಷ್ಟು ದಪ್ಪವೂ ಇಲ್ಲದ ಕೊಳವೆ ಅದು. ಅಮೆರಿಕದಲ್ಲಿ 2010ರಲ್ಲಿ ಶುರುವಾದ ವಿದ್ಯಾರ್ಥಿಗಳ ಬಾಹ್ಯಾಕಾಶ ಪ್ರಯೋಗ ಯೋಜನೆಯಲ್ಲಿ, ಒಂದೊಂದು ಊರಿನ ಶಾಲೆಗಳ ಮಕ್ಕಳು ತಂಡ ಕಟ್ಟಿಕೊಂಡು ಪ್ರಸ್ತಾವನೆ ಬರೆಯುತ್ತಾರೆ. ವಿಜ್ಞಾನಿಗಳು ಓದಿ ಆರಿಸಿದ ಪ್ರಯೋಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುತ್ತದೆ.

ಕೊಳವೆಗೆ ವಿದ್ಯುತ್ತಿಲ್ಲ, ಬೆಳಕಿಲ್ಲ, ಕ್ಯಾಮೆರಾ ಇಲ್ಲ. ಎರಡು ಕ್ಲ್ಯಾಂಪ್ ಹಾಕಿದರೆ ಒಳಗೆ ಮೂರು ಕೋಣೆಗಳಾಗುತ್ತವೆ. ಗೊತ್ತುಮಾಡಿದ ದಿನ ಗಗನಯಾತ್ರಿ ಕ್ಲ್ಯಾಂಪ್ ತೆಗೆಯುತ್ತಾರೆ, ಬೇಕಿದ್ದರೆ ಅಲ್ಲಾಡಿಸುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ಕೇಳುವಂತಿಲ್ಲ. ಈ ಇಕ್ಕಟ್ಟೇ ಮಕ್ಕಳನ್ನು ಯೋಚಿಸುವಂತೆ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗಳ ತಂಡ ಆರಿಸಿಕೊಂಡದ್ದು ರಾಗಿಯನ್ನು. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ನಿಲ್ದಾಣದಲ್ಲಿ ಮೆಂತ್ಯ, ಹೆಸರುಕಾಳು ಮೊಳೆಯಿಸಿದ್ದು ಈ ಮಕ್ಕಳ ಕಿವಿಗೂ ಬಿದ್ದಿತ್ತು. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿವೆ. ಅವು ಭಾರಕ್ಕೆ ಕೆಳಗೆ ಕೂರುವುದರಿಂದಲೇ ಬೇರಿಗೆ ಕೆಳಗು ಯಾವುದೆಂದು ತಿಳಿಯುತ್ತದೆ. ಭಾರವೇ ಇಲ್ಲದಂತಾಗುವ ನಿಲ್ದಾಣದಲ್ಲಿ ಆ ಸುಳಿವು ಸಿಗದು. ಅಲ್ಲಿ, ಕತ್ತಲಲ್ಲಿ, ರಾಗಿಯ ಬೇರು ಎತ್ತ ಹೊರಡುತ್ತದೆ, ಎಷ್ಟು ಉದ್ದ ಬೆಳೆಯುತ್ತದೆ? ಇಷ್ಟೇ ಪ್ರಶ್ನೆ. ಮೊದಲ ಕೋಣೆಯಲ್ಲಿ ಒಣ ರಾಗಿ, ನಡುವೆ ನೀರು, ಕೊನೆಯದರಲ್ಲಿ ಬೆಳವಣಿಗೆಯನ್ನು ನಿಲ್ಲಿಸುವ ಫಾರ್ಮಲಿನ್. ಮೊಳಕೆಯನ್ನು ಮೇಲೆಯೇ ನಿಲ್ಲಿಸದಿದ್ದರೆ ಭೂಮಿಗೆ ಮರಳಿದ ಮೇಲೆ ಅದು ಇಲ್ಲಿನ ಗುರುತ್ವಕ್ಕೆ ತಕ್ಕಂತೆ ಬೆಳೆದು, ಯಾವುದು ಎಲ್ಲಿಯ ಬೆಳವಣಿಗೆ ಎಂದು ಹೇಳಲಾಗದು.

ಬಸವನಗುಡಿಯಲ್ಲಿರುವ ನನ್ನ ಅಮ್ಮನಿಗೆ ವೀಡಿಯೊ ಕರೆಯಲ್ಲಿ ಮಗಳು ಇದನ್ನೆಲ್ಲ ವಿವರಿಸಿದಳು. ಮೊಮ್ಮಕ್ಕಳಿಗೆಲ್ಲ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ತಿನ್ನಿಸಿದವರು ಅಮ್ಮ. ಪೂರ್ತಿ ಕೇಳಿಸಿಕೊಂಡು, “ಪುಟ್ಟಿ, ರಾತ್ರಿ ನೆನೆಸಿದ ನೀರನ್ನು ಬೆಳಿಗ್ಗೆ ಬಸಿಯಬೇಕಲ್ಲ? ಅಲ್ಲಿ ಬಸಿಯುವವರು ಯಾರು?” ಎಂದರು.

ತಂಡದಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ! ನೀರಿನಲ್ಲಿ ಮುಳುಗಿದ ಕಾಳಿಗೆ ಗಾಳಿ ಸಿಗದು, ಅದು ಮೊಳೆಯುವ ಬದಲು ಕೊಳೆಯುತ್ತದೆ. ಮಕ್ಕಳು ನೀರನ್ನು ಕಡಿಮೆ ಮಾಡಿದರು, ಹತ್ತಿ ಇಟ್ಟರು, ಕಾಳುಗಳ ಸುತ್ತ ಗಾಳಿಗೆ ಜಾಗ ಬಿಟ್ಟರು. ಅಮ್ಮನೂ ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ಸೀಸೆಗಳನ್ನು ಇಟ್ಟುಕೊಂಡರು. ಬಸವನಗುಡಿಯ ರಾಗಿ ಇಲ್ಲಿಯದಕ್ಕಿಂತ ಮೊದಲೇ ಮೊಳೆಯಿತು. ನಮ್ಮ ಮನೆ ತಣ್ಣಗಿತ್ತು, ಅಷ್ಟೇ. ಹೋಲಿಕೆಗಾಗಿ ಭೂಮಿಯಲ್ಲಿ ಇಡುವ ಜೋಡಿ ಕೊಳವೆಯನ್ನು ನಿಲ್ದಾಣದಷ್ಟೇ ಉಷ್ಣತೆಯಲ್ಲಿ ಏಕೆ ಇಡಬೇಕು ಎಂಬುದು ಪಠ್ಯಪುಸ್ತಕವಿಲ್ಲದೆಯೇ ಮಕ್ಕಳಿಗೆ ಮನವರಿಕೆಯಾಯಿತು.

ಕೊನೆಯ ಸುತ್ತಿನಲ್ಲಿ ಬೇರೊಂದು ತಂಡ ಆಯ್ಕೆಯಾಯಿತು. ಮಗಳು ಒಂದು ಸಂಜೆ ಅತ್ತಳು. ಆದರೆ ಅವಳ ತಂಡದ ಪ್ರಸ್ತಾವನೆಯ ಪ್ರತಿ ಸಾಲೂ ಆ ಮಕ್ಕಳದ್ದೇ ಎಂಬ ಹೆಮ್ಮೆ ನನಗಿದೆ.

ನಮ್ಮ ಬೆಂಗಳೂರಿಗೆ ಇದು ದೂರದ ಮಾತಲ್ಲ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ ಸಿ-60 ರಾಕೆಟ್ಟಿನ ಕೊನೆಯ ಹಂತವನ್ನೇ ಇಸ್ರೋ ಪ್ರಯೋಗಗಳ ವೇದಿಕೆ ಮಾಡಿಕೊಂಡಿತ್ತು. ಇಸ್ರೋದ ಅಲಸಂದೆ ಕಾಳು ಮೊಳೆತದ್ದು ಅದರಲ್ಲೇ. ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕರುಳಿನ ಬ್ಯಾಕ್ಟೀರಿಯಾ ಬೆಳವಣಿಗೆಯನ್ನು ಅಳೆಯಲು ಮಾಡಿದ ಉಪಕರಣವೂ ಅದರಲ್ಲಿತ್ತು. ಕಾಲೇಜಿನವರಿಗೆ ತೆರೆದಿರುವ ಈ ಬಾಗಿಲು ಪ್ರೌಢಶಾಲೆಯ ಮಕ್ಕಳಿಗೂ, ಅದರಲ್ಲೂ ಸರ್ಕಾರಿ ಶಾಲೆಯ ಮಕ್ಕಳಿಗೂ ತೆರೆಯಬೇಕು ಎಂಬುದು ನನ್ನ ಆಸೆ. ರಾಕೆಟ್ಟಿನಲ್ಲಿ ಜಾಗ ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ; ಪ್ರಶ್ನೆ ಕಟ್ಟುವುದು, ನೆಲದ ಮೇಲಿನ ಪರೀಕ್ಷೆ, ಬರವಣಿಗೆ ಎಲ್ಲವೂ ತರಗತಿಯಲ್ಲೇ ಆಗುವ ಕೆಲಸ. ಅಕ್ಕನ ಮಗನ ಶಾಲೆಯ ವಿಜ್ಞಾನದ ಮೇಷ್ಟ್ರು ಈಗಾಗಲೇ ಒಪ್ಪಿದ್ದಾರೆ. ಮಗಳ ತಂಡದವರ ಟಿಪ್ಪಣಿಗಳನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿನ ಮಕ್ಕಳು ರಾಗಿ ಬೇಡ, ಹುರುಳಿಯೇ ಆಗಬೇಕು ಎಂದು ಹಟ ಹಿಡಿದಿದ್ದಾರಂತೆ.